ನಿಮ್ಮಮ್ಮ, ನಮ್ಮಪ್ಪ ಮತ್ತು ನಾವಿಬ್ಬರು

“ನಿಮ್ಮಮ್ಮನಿಗೆ ಹೇಳಿ, ನಮ್ಮಪ್ಪನ ಕೈ ಬಿಡೋಕೆ.”

ಅವಳು ಇನ್ನೂ ಹೆಗಲ ಮೇಲಿನ ಚೀಲ ಕೆಳಗಿಳಿಸಿರಲಿಲ್ಲ. ಕನ್ನಡಕದ ಅಂಗಡಿಯಿಂದ ಮಧ್ಯಾಹ್ನದ ಬಿಡುವಿನಲ್ಲಿ ಓಡೋಡಿ ಬಂದಿದ್ದಳು. ಬೆರಳ ಸಂದಿಯಲ್ಲಿ ಗಾಜು ಉಜ್ಜಿದ ಬಿಳಿ ಪುಡಿ ಹಾಗೇ ಇತ್ತು.

ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆ ಆರೈಕೆ ಮನೆಯ ದೊಡ್ಡ ಹಾಲ್‌ನಲ್ಲಿ, ಕಿಟಕಿಯ ಪಕ್ಕದ ಸೋಫಾದ ಮೇಲೆ ಅವಳ ಅಮ್ಮ ಕೂತಿದ್ದಳು. ಪಕ್ಕದಲ್ಲಿ ಎತ್ತರದ ಒಬ್ಬರು ಮುದುಕರು. ಇಬ್ಬರ ಬೆರಳುಗಳೂ ಒಂದರೊಳಗೊಂದು ಹೆಣೆದುಕೊಂಡಿದ್ದವು.

ಅವರೆದುರು ನಿಂತಿದ್ದವನನ್ನು ಅವಳು ಎಂದೂ ನೋಡಿರಲಿಲ್ಲ. ಕೊರಳಲ್ಲಿ ಈಜು ಕಲಿಸುವವರ ಸೀಟಿ, ಒದ್ದೆ ಕೂದಲು, ಮೈಯಿಂದ ಈಜುಕೊಳದ ಔಷಧಿಯ ಘಾಟು. ಮುಖ ಮಾತ್ರ ಕೆಂಡ.

“ನೀವು ಯಾರು?”

“ಇವರ ಮಗ. ಹೋದ ವಾರಾನೂ ನೋಡ್ದೆ, ಸುಮ್ಮನಿದ್ದೆ. ಇವತ್ತು ಸುಮ್ಮನಿರಲ್ಲ.”

“ಕೈ ತಾನೇ ಹಿಡ್ಕೊಂಡಿರೋದು? ಕುತ್ತಿಗೆ ಅಲ್ವಲ್ಲ.”

ಅವನು ನಗಲಿಲ್ಲ. “ನಿಮ್ಮಮ್ಮ ನಮ್ಮಪ್ಪನ್ನ ಏನಂತ ಕರೀತಾರೆ ಗೊತ್ತಾ ನಿಮಗೆ?”

ಆ ಹೊತ್ತಿಗೆ ಸರಿಯಾಗಿ ಅಮ್ಮ ಮುದುಕರ ಕಡೆ ವಾಲಿ, ಮೆಲ್ಲಗೆ ಕೇಳಿದಳು. “ರೀ, ಯಾರ್ರೀ ಇವರು? ನಿಂತ್ಕೊಂಡು ಜಗಳ ಆಡ್ತಿದಾರೆ. ಕೂತ್ಕೊಂಡು ಆಡೋಕೆ ಹೇಳಿ.”

ರೀ...

ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಂದಿನಿಂದ ಈವರೆಗೆ ಅಮ್ಮನ ಬಾಯಲ್ಲಿ ಆ ಒಂದಕ್ಷರ ಬಂದಿದ್ದನ್ನು ಅವಳು ಕೇಳಿರಲಿಲ್ಲ. ಈಗ ಅದು ಎಷ್ಟು ಸಲೀಸಾಗಿ ಬಂತು! ನಿನ್ನೆ ತಾನೇ ಕರೆದು, ಇವತ್ತು ಮತ್ತೆ ಕರೆದಂತೆ.

“ಟಿಕೆಟ್ ಇಲ್ದೇ ಹತ್ತಿರ್ತಾರೆ,” ಎಂದರು ಮುದುಕರು ಗತ್ತಿನಿಂದ. ಜೀವನವಿಡೀ ರೈಲಿನಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿದವರು. “ಮುಂದಿನ ಸ್ಟೇಷನ್ನಲ್ಲಿ ಇಳಿಸ್ತೀನಿ. ನೀನು ತಲೆ ಕೆಡಿಸ್ಕೋಬೇಡ.”

ಈಜುಮಾಸ್ತರನ ದನಿ ತಗ್ಗಿತು. “ನಮ್ಮಮ್ಮ ಇನ್ನೂ ಬದುಕಿದಾರೆ. ಪ್ರತಿ ಭಾನುವಾರ ಬರ್ತಾರೆ. ಮಂಡಿ ನೋವಲ್ಲಿ ಆ ಗೇಟಿನ ಮೆಟ್ಟಿಲು ಹತ್ತಿ ಬಂದು... ಇದನ್ನ ನೋಡಬೇಕಾ ಅವರು?”

ಅವಳು ಚೀಲವನ್ನು ಹೆಗಲಿನಿಂದ ಕೆಳಗಿಳಿಸಿದಳು.

ಅವನು ಬಗ್ಗಿ ಒಂದೊಂದೇ ಬೆರಳು ಬಿಡಿಸಿದ. ಅಮ್ಮ ಕೂಗಲಿಲ್ಲ, ಅಳಲಿಲ್ಲ. ಖಾಲಿಯಾದ ಅಂಗೈಯನ್ನು ಕಣ್ಣ ಹತ್ತಿರ ತಂದುಕೊಂಡು, ಏನೋ ಬಿದ್ದುಹೋಯಿತಲ್ಲ ಎನ್ನುವಂತೆ ನೋಡುತ್ತ ಕೂತಳು.

‘ಈ ಮನುಷ್ಯನ ಎದೆಯಲ್ಲಿ ಇರೋದು ಕಲ್ಲಾ?’

ಆ ಮನೆಯನ್ನು ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಜಗಳ ಅವರ ಕೋಣೆಗೆ ಹೋಯಿತು.

“ಒಬ್ಬೊಬ್ರೇ ಮಾತಾಡಿ. ಇದು ಸಂತೆ ಅಲ್ಲ,” ಎಂದರು ದೊಡ್ಡಕ್ಕ.

“ಇವರಪ್ಪನ ಪಕ್ಕ ಕೂತ ಮೇಲೆ ನಮ್ಮಮ್ಮ ಊಟ ಮಾಡ್ತಿದಾಳೆ, ದೊಡ್ಡಕ್ಕ. ಅದಕ್ಕೆ ಮುಂಚೆ ಒಂದು ತುತ್ತಿಗೆ ನಾನು ಎಷ್ಟು ಗೋಗರೀತಿದ್ದೆ, ನೀವೇ ನೋಡಿದೀರಿ.”

“ಹಾಗಂತ ನಮ್ಮಮ್ಮನ ಮಾನ ಹೋಗಬೇಕಾ?”

“ಮರೆತವರಿಗೆ ಎಂಥ ಮಾನ, ಎಂಥ ಅವಮಾನ?”

“ಮರೀದೇ ಇರೋವ್ರು ಒಬ್ರು ಮನೇಲಿದಾರೆ,” ಎಂದ ಅವನು. “ಅವರಿಗೆ ಎಲ್ಲಾ ನೆನಪಿದೆ. ಅದೇ ಕಷ್ಟ.”

ದೊಡ್ಡಕ್ಕ ಇಬ್ಬರನ್ನೂ ನೋಡಿದರು. “ಒಬ್ರು ಜೊತೇಲಿರಲಿ ಅಂತೀರ, ಒಬ್ರು ಬೇಡ ಅಂತೀರ. ಯಾಕೆ ಅನ್ನೋದನ್ನ ಇಬ್ರೂ ಒಬ್ಬರಿಗೊಬ್ಬರು ಹೇಳ್ಕೊಳ್ತಿಲ್ಲ. ಸರಿ... ಒಂದು ಮನೆಯವರು ಬೇಡ ಅಂದ ಮೇಲೆ ನಾನು ಜೊತೇಲಿ ಕೂರಿಸೋ ಹಾಗಿಲ್ಲ.”

ಅಂದು ಸಂಜೆಯೇ ಮುದುಕರ ಮಂಚ ಮೇಲಿನ ಮಹಡಿಗೆ ಹೋಯಿತು.

ಅಮ್ಮನಿಗೆ ಏನು ಕಳೆದಿದೆ ಎಂಬುದು ಗೊತ್ತಿರಲಿಲ್ಲ. ಕಳೆದಿದೆ ಎಂಬುದಷ್ಟೇ ಗೊತ್ತಿತ್ತು.

ಅವಳು ಲಿಫ್ಟಿನ ಬಾಗಿಲ ಮುಂದೆ ಹೋಗಿ ನಿಲ್ಲತೊಡಗಿದಳು. ಬಾಗಿಲು ತೆರೆದಾಗಲೆಲ್ಲ ಮುಖ ಅರಳುತ್ತಿತ್ತು. ಯಾರೋ ನರ್ಸು, ಯಾರದೋ ಗಾಲಿಕುರ್ಚಿ ಹೊರಗೆ ಬಂದರೆ ಮತ್ತೆ ಬಾಡುತ್ತಿತ್ತು. ಊಟದ ತಟ್ಟೆ ತಂದಂತೆಯೇ ವಾಪಸ್ ಹೋಗುತ್ತಿತ್ತು.

ಮಗಳು ಪಕ್ಕದಲ್ಲಿ ಕೂತು ಚಮಚ ಬಾಯಿಯ ಹತ್ತಿರ ಹಿಡಿದಳು. “ಒಂದೇ ಒಂದು, ಅಮ್ಮಾ.”

“ನಿಮಗೆ ಮಕ್ಕಳಿದಾರಾ ಸಿಸ್ಟರ್?” ಕೇಳಿದಳು ಅಮ್ಮ.

ಅವಳು ಚಮಚ ತಟ್ಟೆಗಿಟ್ಟಳು. “ಇಲ್ಲಮ್ಮಾ.”

“ನನಗೆ ಒಬ್ಳು ಮಗಳಿದಾಳೆ. ಸ್ಕೂಲಿಗೆ ಹೋಗಿದಾಳೆ. ಬಾಯಿ ಬಹಳ ಜೋರು, ಮನಸ್ಸು ಬೆಣ್ಣೆ.” ಅಮ್ಮ ಲಿಫ್ಟಿನ ಕಡೆ ನೋಡಿದಳು. “ಇವರು ಬರೋ ಹೊತ್ತಾಯ್ತು. ಬಂದ ಮೇಲೆ ಒಟ್ಟಿಗೆ ಊಟ ಮಾಡ್ತೀವಿ. ನೀವು ಹೋಗಿ ಸಿಸ್ಟರ್.”

ಅವಳು ಹೊರಗೆ ಬಂದು, ಕೈ ತೊಳೆಯುವ ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ಸದ್ದಿನೊಳಗೆ ಅತ್ತಳು.

ಹೀಗಿರುವಾಗ ಒಂದು ದಿನ ಕನ್ನಡಕದ ಅಂಗಡಿಯ ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಅವಳು ತಲೆ ಎತ್ತಿದಳು. ಅವನೂ ನೋಡಿದ.

“ನಿಮ್ಮ ಅಂಗಡಿ ಅಂತ ಗೊತ್ತಿರಲಿಲ್ಲ,” ಎಂದ ಈಜುಮಾಸ್ತರ. “ಬೇರೆ ಕಡೆ ಹೋಗ್ತೀನಿ.”

“ಏನದು ಕೈಯಲ್ಲಿ?”

ಅವನು ಕರವಸ್ತ್ರ ಬಿಚ್ಚಿದ. ಒಳಗೆ ಮುರಿದ ಕನ್ನಡಕ. ಒಂದು ಕಡ್ಡಿ ಕಿತ್ತುಬಂದಿತ್ತು, ಒಂದು ಗಾಜು ಸೀಳಿತ್ತು.

“ಅಪ್ಪಂದು. ಗೋಡೆಗೆ ಎಸೆದ್ರು.”

“ಕೂತ್ಕೊಳ್ಳಿ. ನನ್ನ ಜಗಳ ನಿಮ್ಮ ಜೊತೆ. ನಿಮ್ಮಪ್ಪನ ಕಣ್ಣಿನ ಜೊತೆ ಅಲ್ಲ.”

ಅವಳು ದೀಪ ಹತ್ತಿರ ಎಳೆದುಕೊಂಡು, ಸಣ್ಣ ಸ್ಕ್ರೂಡ್ರೈವರಿನಿಂದ ಚೌಕಟ್ಟು ಬಿಚ್ಚಿದಳು. ಅವನು ಸ್ಟೂಲಿನ ಮೇಲೆ, ತಪ್ಪು ಮಾಡಿ ಶಾಲೆಯಲ್ಲಿ ಉಳಿದುಕೊಂಡವನ ಹಾಗೆ ಕೂತಿದ್ದ.

“ಕೈ ಕಟ್ಟಿದಾರೆ ಅವರಿಗೆ,” ಎಂದ ಅವನು ಇದ್ದಕ್ಕಿದ್ದಂತೆ. “ಮಂಚದ ಕಂಬಿಗೆ. ಬಟ್ಟೆಯಲ್ಲೇ ಕಟ್ಟಿರೋದು, ನೋವಾಗಲ್ಲ ಅಂತಾರೆ. ದಿನವಿಡೀ ಯಾರನ್ನೋ ಹುಡುಕ್ತಾರೆ. ಮೆಟ್ಟಿಲಿಂದ ಬೀಳ್ತಾರೆ ಅಂತ ಭಯ ಅಲ್ಲಿನವರಿಗೆ. ನಿನ್ನೆ ನಾನು ಹೋಗಿ ಕಟ್ಟು ಬಿಚ್ಚಿದೆ. ಟಿಕೆಟ್ ತೋರಿಸು ಅಂದ್ರು. ಅಪ್ಪಾ, ನಾನು ಅಂದೆ. ಎಲ್ಲರೂ ಹಾಗೇ ಹೇಳೋದು, ಟಿಕೆಟ್ ತೋರಿಸು ಅಂತ ಕೆನ್ನೆಗೆ ಹೊಡೆದ್ರು.”

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. “ಒಂದು ಟಿಕೆಟ್ ಜೇಬಲ್ಲಿಟ್ಕೊಂಡು ಹೋಗಬಾರದಾ?”

ಅವನು ಪೆಚ್ಚಾಗಿ ನೋಡಿದ. ಆಮೇಲೆ ಅವನಿಗೆ ನಗು ಬಂತು. ಅವಳಿಗೂ ಬಂತು. ಆ ಪುಟ್ಟ ಅಂಗಡಿಯಲ್ಲಿ ಗೋಡೆ ತುಂಬ ಖಾಲಿ ಕನ್ನಡಕಗಳು ನೋಡುತ್ತಿರುವಾಗ, ಹಗೆಗಳಾಗಿದ್ದ ಇಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಅವನ ಮುಖ ಒಡೆದುಹೋಯಿತು. ಅಂಗೈಯಲ್ಲಿ ಮುಖ ಮುಚ್ಚಿಕೊಂಡ.

“ನಮ್ಮಮ್ಮ ನನ್ನನ್ನ ಸಿಸ್ಟರ್ ಅಂತಾಳೆ,” ಎಂದಳು ಅವಳು. ಇದನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅವನು ಕೈ ತೆಗೆದು ನೋಡಿದ.

“ನಿಮಗೆ ನಿಜವಾಗಿ ಏನು ಬೇಕು?” ಅವಳು ಕೇಳಿದಳು. “ಮಹಡಿ ಬದಲಾಯ್ಸೋದು ಬಿಡಿ. ಏನು ಬೇಕು?”

“ಅಪ್ಪ ಹೆದರಬಾರದು,” ಎಂದ ತಡೆದು ತಡೆದು. “ಇನ್ನೆಷ್ಟು ದಿನ ಇರ್ತಾರೋ... ಹೆದರ್ಕೊಂಡು ಹೋಗಬಾರದು. ಮತ್ತೆ, ಅಮ್ಮ ಅಳಬಾರದು.”

“ನಮ್ಮಮ್ಮನೂ ಹೆದರಬಾರದು. ನನಗೂ ಬೇಕಾಗಿರೋದು ಅಷ್ಟೇ. ಮತ್ತೆ ನಾವ್ಯಾಕೆ ಕಿತ್ತಾಡ್ತಿದೀವಿ?”

ಕನ್ನಡಕ ಸಿದ್ಧವಾಗುವಷ್ಟರಲ್ಲಿ ಒಂದು ಒಪ್ಪಂದವೂ ಆಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಆರೈಕೆ ಮನೆಯ ಹಿತ್ತಲಲ್ಲಿ ಇಬ್ಬರನ್ನೂ ಜೊತೆಯಲ್ಲಿ ಕೂರಿಸುವುದು. ಇವರಿಬ್ಬರೂ ಎದುರಿಗೇ ಇರುವುದು. ಭಾನುವಾರ ಬೇಡ, ಅಂದು ಅವನ ತಾಯಿ ಬರುತ್ತಾರೆ. ಅವರಿಗೆ ಏನೂ ಹೇಳುವುದು ಬೇಡ.

ಆ ಕೊನೆಯ ಮಾತು ಅವನದು. ಅವಳಿಗೆ ಅದು ಸರಿ ಎನಿಸಲಿಲ್ಲ. ಆದರೂ ತಲೆಯಾಡಿಸಿದಳು.

ಹಿತ್ತಲಲ್ಲಿ ಎರಡು ಬೆಂಚುಗಳಿದ್ದವು. ಒಂದರಲ್ಲಿ ಮರೆತವರು, ಇನ್ನೊಂದರಲ್ಲಿ ಮರೆಯಲ್ಪಟ್ಟವರು.

ಮೊದಲ ದಿನ ಮುದುಕರು ಅಮ್ಮನ ಕೈ ಹಿಡಿದು, “ಎಲ್ಲಿ ಹಾಳಾಗಿ ಹೋಗಿದ್ದೆ ಮುಂಗೋಪಿ?” ಎಂದು ಗದರಿದರು. ಅಮ್ಮ ನಾಚಿಕೊಂಡು ನಕ್ಕಳು. ತಟ್ಟೆಯಲ್ಲಿದ್ದುದೆಲ್ಲ ಖಾಲಿಯಾಯಿತು.

“ಮುಂಗೋಪಿಯಂತೆ,” ಮಗಳು ಪಿಸುಗುಟ್ಟಿದಳು. “ನಮ್ಮಮ್ಮ ಜನ್ಮದಲ್ಲಿ ಕೋಪ ಮಾಡ್ಕೊಂಡವಳಲ್ಲ.”

“ಅಪ್ಪ ಯಾರನ್ನೂ ಹಾಗೆ ಕರೆದಿದ್ದು ನಾನೂ ಕೇಳಿಲ್ಲ.”

ಅವರಿಬ್ಬರಿಗೆ ಯಾವುದರಲ್ಲೂ ಹೊಂದಿಕೆ ಇರಲಿಲ್ಲ. ಅವನದು ಗಂಟಲು ದೊಡ್ಡದು, ನೀರಿನಲ್ಲಿರುವವರಿಗೆ ಕೂಗಿ ಕೂಗಿ ಅಭ್ಯಾಸ. ಅವಳದು ಪಕ್ಕದವರಿಗೆ ಮಾತ್ರ ಕೇಳುವ ಕುಹಕ. ಅವನು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು ಕಾಯುವವನು, ಅವಳು ಓಡಿಬರುವವಳು. ಅವಳಿಗೆ ನೀರು ಕಂಡರೆ ಹೆದರಿಕೆ. ಅವನು ಕಣ್ಣು ಪರೀಕ್ಷೆಗೆ ಹೆದರಿ, ದೂರದ ಬೋರ್ಡು ಕಾಣದಿದ್ದರೂ ಕಾಣುತ್ತದೆ ಎಂದು ಸುಳ್ಳು ಹೇಳುವವನು.

ಆದರೂ ಅವನು ಯಂತ್ರದಿಂದ ಟೀ ತಂದುಕೊಡುವಾಗ ಸಕ್ಕರೆ ಇರುತ್ತಿರಲಿಲ್ಲ. ಅವಳು ಒಂದೇ ಸಲ ಹೇಳಿದ್ದಳು.

‘ನೆನಪಿಟ್ಟುಕೊಂಡಿದಾನೆ...’

ಎಲ್ಲರೂ ಎಲ್ಲವನ್ನೂ ಮರೆಯುವ ಆ ಮನೆಯಲ್ಲಿ, ತನ್ನ ಬಗ್ಗೆ ಒಂದು ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳುವವರು ಒಬ್ಬರಿದ್ದಾರೆ. ಅದು ಅವಳನ್ನು ಒಳಗೊಳಗೇ ಕರಗಿಸಿತು. ಅವನು ಬರುವುದು ತಡವಾದ ದಿನ ಅವಳ ಕಣ್ಣೂ ಬಾಗಿಲ ಕಡೆಗೇ ಇರತೊಡಗಿತು. ಅಮ್ಮನ ಕಣ್ಣಿನ ಹಾಗೆಯೇ.

“ಬೀಗರ ಹಾಗೆ ಕೂತಿದೀವಿ ನಾವು,” ಎಂದಳು ಒಂದು ದಿನ. “ಹುಡುಗಿ ಕಡೆಯವಳು ನಾನು, ಹುಡುಗನ ಕಡೆಯವರು ನೀವು.”

“ಬೀಗರಾಗೇ ಇರಬೇಕಾ?” ಎಂದ ಅವನು, ಟೀ ಲೋಟದ ಒಳಗೆ ನೋಡುತ್ತ.

ಅವಳು ಗಂಭೀರವಾಗಿ ಅಂದಳು, “ನಿಮ್ಮಪ್ಪ ನಮ್ಮಮ್ಮ ಗಂಡ ಹೆಂಡ್ತಿ ಆದ್ರೆ ನಾವಿಬ್ರೂ ಒಬ್ಬರಿಗೊಬ್ಬರು ಏನಾಗ್ತೀವಿ ಅಂತ ಯೋಚನೆ ಮಾಡಿದೀರಾ ಮೊದಲು?”

ಅವನ ಕಿವಿ ಕೆಂಪಾಯಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅದೇ ಅವಳ ಕೊನೆಯ ನಗು, ಬಹಳ ಕಾಲದವರೆಗೆ.

ಅವನ ತಾಯಿ ಬಂದದ್ದು ಭಾನುವಾರವಲ್ಲ.

ಮಂಡಿಯ ಡಾಕ್ಟರನ್ನು ನೋಡಲು ಹೊರಟವರು, ದಾರಿಯಲ್ಲಿ ಗಂಡನನ್ನೂ ನೋಡಿಕೊಂಡು ಹೋಗೋಣವೆಂದು ಒಳಗೆ ಬಂದಿದ್ದರು. ಹಿತ್ತಲ ಬಾಗಿಲಲ್ಲಿ ಅವರ ದಪ್ಪ ಆಕೃತಿ, ಕೈಯಲ್ಲಿ ಊರುಗೋಲು. ಮುಂದಿನ ಬೆಂಚಿನ ಮೇಲೆ ಅವರ ಗಂಡ ಇನ್ನೊಬ್ಬಳ ತಲೆಯನ್ನು ತಮ್ಮ ಹೆಗಲಿಗೆ ಆನಿಸಿಕೊಂಡು, ಕೂದಲು ನೇವರಿಸುತ್ತಿದ್ದರು.

“ಯಾವಾಗಿಂದ ಇದು?” ತಾಯಿ ಮಗನನ್ನು ಕೇಳಿದರು.

ಅವನು ಎದ್ದು ನಿಂತ. ಬಾಯಿ ತೆರೆದ. ತಾಯಿಯ ಕಣ್ಣಲ್ಲಿ ನೀರು ತುಂಬುತ್ತಿತ್ತು.

“ನನಗೆ... ಗೊತ್ತಿರಲಿಲ್ಲಮ್ಮಾ. ಇವತ್ತೇ ನೋಡ್ದೆ ನಾನೂ.”

ಅವಳ ಕೈಯಲ್ಲಿ ಅವನು ಈಗ ತಾನೇ ತಂದುಕೊಟ್ಟ ಟೀ ಇತ್ತು. ಬಿಸಿ ಆರಿರಲಿಲ್ಲ.

ತಾಯಿ ಅವಳ ಕಡೆ ತಿರುಗಿದರು. “ನೀನಾ ತಂಗಿ, ಇವರನ್ನ ಹೀಗೆ ಕೂರಿಸಿದ್ದು?”

ಅವಳು ಅವನನ್ನೇ ನೋಡಿದಳು. ‘ಹೇಳು. ಒಂದು ಮಾತು ಹೇಳು...’ ಅವನು ನೆಲ ನೋಡುತ್ತಿದ್ದ.

“ಹೌದಮ್ಮಾ,” ಎಂದಳು ಅವಳು. “ನಾನೇ.”

ಟೀಯನ್ನು ಬೆಂಚಿನ ಮೇಲಿಟ್ಟು, ಅಮ್ಮನನ್ನು ಎಬ್ಬಿಸಿಕೊಂಡು ಒಳಗೆ ಹೋದಳು. ಎರಡು ದಿನದಲ್ಲಿ ಅಮ್ಮನನ್ನು ಮನೆಗೇ ಕರೆದುಕೊಂಡು ಹೋದಳು. ದೊಡ್ಡಕ್ಕ ಬೇಡವೆಂದರು. ಅವಳು ಕೇಳಲಿಲ್ಲ.

ಅವಳ ಮನೆ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆ. ಕಡಿದಾದ ಮೆಟ್ಟಿಲು. ಅಮ್ಮ ಅಲ್ಲಿಯೇ ವರ್ಷಗಟ್ಟಲೆ ಬಾಳಿದ್ದಳು, ಈಗ ಅದು ಯಾರ ಮನೆಯೆಂದು ಕೇಳುತ್ತಿದ್ದಳು.

“ಇವರು ಇಲ್ಲಿಗೆ ಬರ್ತಾರಾ? ದಾರಿ ಗೊತ್ತಾ ಅವರಿಗೆ?”

“ಗೊತ್ತಮ್ಮಾ. ಬರ್ತಾರೆ.”

ಮಗಳು ಸುಳ್ಳು ಹೇಳುವುದನ್ನು ಕಲಿತಿದ್ದಳು. ಅಮ್ಮ ಕಾಯುವುದನ್ನು ಬಿಡಲಿಲ್ಲ. ಊಟ ಬಿಟ್ಟಳು, ಆಮೇಲೆ ಹಾಲು ಬಿಟ್ಟಳು. ಹಾಸಿಗೆ ಹಿಡಿದಳು. ಎದೆಯಲ್ಲಿ ಕಫ ಕಟ್ಟಿತು. ಬಂದ ಡಾಕ್ಟರು ಹೊರಗೆ ಕರೆದು, ಆಸ್ಪತ್ರೆಗೆ ಸೇರಿಸಿದರೆ ಮೂಗಿಗೆ ನಳಿಕೆ ಹಾಕಿ ಸ್ವಲ್ಪ ದಿನ ಉಳಿಸಬಹುದು, ಅಷ್ಟೇ, ಎಂದರು. ಗೊತ್ತಿಲ್ಲದ ಗೋಡೆಗಳ ನಡುವೆ ಅಮ್ಮನನ್ನು ಕಟ್ಟಿಹಾಕಲು ಅವಳಿಗೆ ಮನಸ್ಸಾಗಲಿಲ್ಲ.

ಈಜುಮಾಸ್ತರ ಫೋನ್ ಮಾಡಿದ. ಅವಳು ಎತ್ತಲಿಲ್ಲ. ಒಂದು ಸಂಜೆ ಬಂದು ಬಾಗಿಲು ತಟ್ಟಿದ.

“ನಾನು... ಒಂದ್ಸಲ ಬಾಗಿಲು ತೆಗೀರಿ. ಅಮ್ಮನಿಗೆ ಎಲ್ಲಾ ಹೇಳಿದೀನಿ. ನಾನೇ ಒಪ್ಪಿದ್ದು ಅಂತ ಹೇಳಿದೀನಿ.”

ಅವಳು ಚಿಲಕದ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ.

“ಮರೆಯೋ ಕಾಯಿಲೆ ನನ್ನಮ್ಮನಿಗೆ,” ಎಂದಳು ಮುಚ್ಚಿದ ಬಾಗಿಲಿಗೆ. “ನೀವ್ಯಾಕೆ ಅಷ್ಟು ಬೇಗ ಮರೆತುಬಿಟ್ರಿ ನನ್ನನ್ನ?”

ತುಂಬ ಹೊತ್ತಾದ ಮೇಲೆ ಮೆಟ್ಟಿಲಿಳಿಯುವ ಸದ್ದು ಕೇಳಿತು. ಆ ಸದ್ದು ನಿಂತ ಮೇಲೆ ಅವಳು ಅಲ್ಲೇ ಬಾಗಿಲಿಗೆ ಒರಗಿ ಕುಸಿದಳು.

‘ಒಳಗೆ ಒಬ್ಬಳು ಕಾಯ್ತಿದಾಳೆ. ಹೊರಗೆ ಬಂದವನನ್ನ ಇನ್ನೊಬ್ಬಳು ಕಳಿಸಿದಳು...’

ಮರುದಿನ ಬೆಳಗ್ಗೆ ಮತ್ತೆ ಬಾಗಿಲು ಬಡಿದ ಸದ್ದು. ಅದರ ಹಿಂದೆಯೇ ಏದುಸಿರು. ತೆರೆದು ನೋಡಿದರೆ, ಗೋಡೆ ಹಿಡಿದು ನಿಂತಿದ್ದವರು ಅವನ ತಾಯಿ.

“ಒಳಗೆ ಕರೀತೀಯೋ, ಇಲ್ಲೇ ನಿಲ್ಲಿಸಿ ಕಳಿಸ್ತೀಯೋ? ಕಳಿಸೋದಾದ್ರೂ ಒಂದು ಕುರ್ಚಿ ಕೊಟ್ಟು ಕಳಿಸು. ಮಂಡಿ ಹೋಯ್ತು ನಂದು.”

ಅವಳು ಕುರ್ಚಿ ಎಳೆದಳು. ನೀರು ತಂದಳು. ತಾಯಿ ನೀರು ಕುಡಿದು, ಒಳಕೋಣೆಯ ಮಂಚದ ಮೇಲೆ ಎಲುಬಿನ ಗೂಡಾಗಿ ಮಲಗಿದ್ದವಳನ್ನು ನೋಡಿದರು.

“ನನ್ನ ಮಗ ಹೇಡಿ,” ಎಂದರು ಕೊನೆಗೆ. “ನಾನೇ ಹಾಗೆ ಬೆಳೆಸಿದ್ದು, ನನ್ನ ಕಣ್ಣೀರಿಗೆ ಹೆದರಿಸಿ ಹೆದರಿಸಿ. ಅದನ್ನ ಹೇಳೋಕೆ ಬಂದಿದ್ದಲ್ಲ. ನೀವು ಹೋದ ಮೇಲೆ ಇವರು ಎಲ್ಲರನ್ನೂ ಕೇಳ್ತಿದಾರೆ. ಮುಂಗೋಪಿ ಎಲ್ಲಿ, ಮುಂಗೋಪಿ ಎಲ್ಲಿ ಅಂತ. ಕಸ ಗುಡಿಸೋವರನ್ನೂ ಬಿಟ್ಟಿಲ್ಲ.”

“ನಮ್ಮಮ್ಮನ್ನ ಹಾಗಂತ ಕರೀತಿದ್ರು,” ಎಂದಳು ಅವಳು ಮೆಲ್ಲಗೆ.

“ಮುಂಗೋಪಿ ನಾನು ಕಣಮ್ಮಾ.”

ಅವಳು ತಲೆ ಎತ್ತಿದಳು.

“ಮದುವೆ ಆದ ಹೊಸದ್ರಲ್ಲಿ ಕರೀತಿದ್ರು. ಆಗ ಮೂಗಿನ ತುದೀಲೇ ಇರ್ತಿತ್ತು ನನಗೆ ಕೋಪ. ಮಗ ಹುಟ್ಟಿದ ಮೇಲೆ ಬಿಟ್ಬಿಟ್ರು, ಅವನ ಕಿವಿಗೆ ಯಾವತ್ತೂ ಬಿದ್ದಿಲ್ಲ. ಮೊನ್ನೆ ಹೋಗಿ ಎದುರಿಗೆ ನಿಂತು, ಮುಂಗೋಪಿ ನಾನೇ ರೀ, ಇಲ್ಲೇ ಇದೀನಿ ಅಂದೆ. ನೀವ್ಯಾರಮ್ಮಾ ಅಂದ್ರು. ಅವಳು ಸಣ್ಣಗಿದಾಳೆ, ಕೋಪ ಬಂದ್ರೂ ಆಮೇಲೆ ನಗ್ತಾಳೆ ಅಂದ್ರು.” ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. “ನಗೋದು ಯಾವಾಗ ಬಿಟ್ಟೆ ಅಂತ ನನಗೇ ನೆನಪಿಲ್ಲ.”

ಅವಳು ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕೂತಳು.

“ಹೊಟ್ಟೆ ಉರಿಯುತ್ತೆ. ಇಲ್ಲ ಅನ್ನಲ್ಲ,” ಎಂದರು ತಾಯಿ. “ಆದ್ರೆ ಅವರು ಹಿಡ್ಕೊಂಡಿರೋದು ನನ್ನ ಕೈಯನ್ನೇ ಅಂತ ಅವರು ಅಂದ್ಕೊಂಡಿದಾರೆ. ಅದನ್ನ ಬಿಡಿಸಿ ನನಗೆ ಸಿಗೋದೇನು? ಮಧ್ಯಾಹ್ನ ಕರ್ಕೊಂಡು ಬರ್ತೀನಿ. ಬಾಗಿಲು ತೆಗೀತೀಯಾ?”

ಮಧ್ಯಾಹ್ನ ಮಗ ತಂದೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿದ. ಬಾಗಿಲಲ್ಲಿ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ ಅವನಿಗೆ. ತಂದೆಯನ್ನು ಮಂಚದ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಹೊರಗಿನ ಕೋಣೆಗೆ ಹೋಗಿ ನಿಂತ.

ಮುದುಕರು ಬಗ್ಗಿ ನೋಡಿದರು. “ಎಷ್ಟು ಹೊತ್ತು ಕಾಯಿಸ್ತೀಯ ಮುಂಗೋಪಿ?”

ಅಮ್ಮನ ರೆಪ್ಪೆ ಅದುರಿತು. ಕಣ್ಣು ತೆರೆಯಿತು. “ರೀ... ಬಂದ್ರಾ. ದಾರಿ ಗೊತ್ತಾಯ್ತಾ?”

“ನನ್ನ ರೈಲು ಎಂದಾದ್ರೂ ದಾರಿ ತಪ್ಪಿದೆಯಾ?”

ಅವನ ತಾಯಿ ಮಂಚದ ಇನ್ನೊಂದು ಪಕ್ಕದಲ್ಲಿ ಕೂತು, ಹಾಲಿನ ಲೋಟದಲ್ಲಿ ಚಮಚ ಅದ್ದಿ ಅಮ್ಮನ ತುಟಿಗೆ ಹಿಡಿದರು. “ಕುಡಿ ತಂಗಿ. ಬಂದಿದಾರಲ್ಲ, ಈಗ ಕುಡಿ.”

ಅಮ್ಮ ಕುಡಿದಳು. ಮಗಳು ಬಾಗಿಲ ಚೌಕಟ್ಟಿಗೆ ಹಣೆಯೊತ್ತಿ ನಿಂತಳು.

ಆ ವಾರವೆಲ್ಲ ಅವರು ಬಂದರು. ಅಮ್ಮ ಉಳಿಯಲಿಲ್ಲ. ಉಳಿಯುತ್ತಾಳೆಂದು ಯಾರೂ ಅಂದುಕೊಂಡಿರಲಿಲ್ಲ. ಕೊನೆಯ ದಿನ ಮಗಳು ದಿಂಬು ಸರಿಮಾಡುವಾಗ ಅಮ್ಮ ಅವಳ ತೋಳು ಹಿಡಿದಳು. ಅವಳು ಆಸೆಯಿಂದ ಬಗ್ಗಿದಳು. ಒಂದು ಸಲ... ಒಂದೇ ಒಂದು ಸಲ ತನ್ನ ಗುರುತು ಹಿಡಿದರೆ...

“ಸಿಸ್ಟರ್,” ಎಂದಳು ಅಮ್ಮ. “ನನ್ನ ಮಗಳು ಸ್ಕೂಲಿಂದ ಬರ್ತಾಳೆ. ಹಸಿದಿರ್ತಾಳೆ. ಊಟ ಹಾಕ್ತೀರಾ ಅವಳಿಗೆ?”

“ಹಾಕ್ತೀನಮ್ಮಾ,” ಎಂದಳು ಮಗಳು. “ಹೊಟ್ಟೆ ತುಂಬ ಹಾಕ್ತೀನಿ.”

ಮಧ್ಯಾಹ್ನದ ಬಿಸಿಲು ಮಂಚದ ಮೇಲೆ ಬಿದ್ದಿದ್ದಾಗ ಅಮ್ಮನ ಉಸಿರು ನಿಂತಿತು. ಮುದುಕರಿಗೆ ಗೊತ್ತಾಗಲಿಲ್ಲ. ಮಗಳ ಅಳು ಕೇಳಿ ಸಿಟ್ಟಿನಿಂದ ಬೆರಳು ತುಟಿಯ ಮೇಲಿಟ್ಟುಕೊಂಡರು.

“ಸದ್ದು ಮಾಡಬೇಡಿ. ಈಗ ತಾನೇ ಮಲಗಿದಾಳೆ.”

ಯಾರೂ ಸದ್ದು ಮಾಡಲಿಲ್ಲ. ಮುದುಕರು ತಾವಾಗಿಯೇ ಕೈ ಸಡಿಲಿಸುವವರೆಗೆ ಅವನ ತಾಯಿ ಕಾದು ಕೂತಿದ್ದರು.

ಆಮೇಲಿನ ದಿನಗಳು ಒಂದರ ಹಿಂದೊಂದು ಬಂದವು, ಹೋದವು. ಅವಳು ಅಂಗಡಿಗೆ ಹೋದಳು, ಗಾಜು ಉಜ್ಜಿದಳು, ಜನರಿಗೆ ಅಕ್ಷರಗಳನ್ನು ಓದಿಸಿದಳು. ಮನೆಗೆ ಬಂದರೆ ಖಾಲಿ ಮಂಚ. ಅಮ್ಮ ಅವಳನ್ನು ಮರೆತು ಎಷ್ಟೋ ಕಾಲವಾಗಿತ್ತು. ಆದರೂ ಅಮ್ಮ ಹೋದ ಮೇಲೆಯೇ ಅವಳಿಗೆ ತಾನು ಯಾರಿಗೂ ಏನೂ ಅಲ್ಲ ಎಂಬುದು ಪೂರ್ತಿ ಅರ್ಥವಾದದ್ದು.

ಅವನು ಬರಲಿಲ್ಲ. ಅಂತ್ಯಕ್ರಿಯೆಯ ದಿನ ಎಲ್ಲಾ ಕೆಲಸಕ್ಕೂ ನಿಂತವನು, ಆಮೇಲೆ ಸುಳಿಯಲಿಲ್ಲ.

‘ಬರದಿದ್ದರೆ ಬೇಡ,’ ಎಂದುಕೊಂಡಳು. ಅಂಗಡಿಯ ಗಾಜಿನ ಬಾಗಿಲು ತೆರೆದಾಗಲೆಲ್ಲ ತಲೆ ಎತ್ತಿದಳು. ‘ನಾನೂ ಲಿಫ್ಟಿನ ಮುಂದೆ ನಿಂತವಳೇ ಆದೆ.’

ಕೊನೆಗೆ ಅವಳೇ ಹೋದಳು.

ಈಜುಕೊಳ ಮಧ್ಯಾಹ್ನದಲ್ಲಿ ಖಾಲಿಯಿತ್ತು. ಅವನು ಉದ್ದ ಕೋಲಿನ ಬಲೆಯಿಂದ ನೀರಿನ ಮೇಲಿನ ಎಲೆಗಳನ್ನು ಎತ್ತುತ್ತಿದ್ದ. ಅವಳನ್ನು ಕಂಡು ಕೋಲು ಹಾಗೇ ಹಿಡಿದು ನಿಂತ. ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅಪ್ಪ ಹೇಗಿದಾರೆ?” ಕೇಳಿದಳು.

“ಕೇಳೋದು ಬಿಟ್ರು. ಮುಂಗೋಪಿ ಎಲ್ಲಿ ಅಂತ ಈಗ ಕೇಳಲ್ಲ. ಅಮ್ಮ ಪಕ್ಕದಲ್ಲಿ ಕೂತಿರ್ತಾರೆ, ಕಿಟಕಿ ನೋಡ್ತಿರ್ತಾರೆ ಇವರು. ಗುರುತು ಹಿಡಿಯಲ್ಲ. ಅಮ್ಮ ಭಾನುವಾರ ಮಾತ್ರ ಹೋಗ್ತಿದ್ರು, ಈಗ ದಿನಾ ಹೋಗ್ತಾರೆ.”

ಅವಳು ಕೊಳದ ಅಂಚಿನಿಂದ ದೂರದಲ್ಲೇ, ಸಿಮೆಂಟಿನ ಮೆಟ್ಟಿಲ ಮೇಲೆ ಕೂತಳು. ಅವನು ಕೋಲು ಇಟ್ಟು ಬಂದು, ಒಂದು ಮೆಟ್ಟಿಲು ಕೆಳಗೆ ಕೂತ.

“ನಿಮ್ಮ ಅಂಗಡಿ ಎದುರಿನವರೆಗೂ ಬರ್ತೀನಿ,” ಎಂದ. “ಆಚೆ ಫುಟ್‌ಪಾತಲ್ಲಿ ನಿಂತು ವಾಪಸ್ ಬರ್ತೀನಿ. ಒಳಗೆ ಬಂದು ಏನಂತ ಹೇಳ್ಲಿ? ಆವತ್ತು ಒಂದು ಮಾತು ಹೇಳಿದ್ರೆ ನಿಮ್ಮಮ್ಮ ಅಲ್ಲೇ ಇರ್ತಿದ್ರು. ಇನ್ನೂ ಸ್ವಲ್ಪ ದಿನ ಇರ್ತಿದ್ರೋ ಏನೋ. ಅದಕ್ಕೆ ಕ್ಷಮೆ ಕೇಳೋಕಾಗುತ್ತಾ?”

“ಇಲ್ಲ,” ಎಂದಳು ಅವಳು. “ಅದಕ್ಕೆ ಕ್ಷಮೆ ಇಲ್ಲ. ಇರ್ತಿದ್ರೇನೋ ಅಂತ ನನಗೂ ದಿನಾ ಅನ್ನಿಸುತ್ತೆ. ಎರಡು ದಿನದಲ್ಲಿ ಎಬ್ಬಿಸ್ಕೊಂಡು ಹೋದವಳು ನಾನು. ದೊಡ್ಡಕ್ಕ ಬೇಡ ಅಂದ್ರು. ನಿಮ್ಮ ಮೇಲಿನ ಸಿಟ್ಟನ್ನ ಅಮ್ಮನ ಮೇಲೆ ತೀರಿಸ್ದೆ ನಾನು.”

ಅವನು ತಿರುಗಿ ನೋಡಿದ.

“ಇದನ್ನ ನಾನು ಯಾರ ಹತ್ರ ಹೇಳ್ಕೊಳ್ಲಿ?” ಎಂದಳು ಅವಳು. “ನಿಮಗೆ ಬಿಟ್ರೆ ಯಾರಿಗೆ ಅರ್ಥ ಆಗುತ್ತೆ?”

ಅವನು ಒಂದು ಮೆಟ್ಟಿಲು ಮೇಲೆ ಬಂದು ಪಕ್ಕದಲ್ಲಿ ಕೂತ. ಅವಳು ಅಳುವಷ್ಟು ಹೊತ್ತು ಅಳಲು ಬಿಟ್ಟ. ಅವನ ಕಣ್ಣೂ ಒಣಗಿರಲಿಲ್ಲ.

“ನೀವಿಲ್ದೇ ಆಗಲ್ಲ ನನಗೆ,” ಎಂದ ಕೊನೆಗೆ, ಆ ದೊಡ್ಡ ಗಂಟಲನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಸಣ್ಣದು ಮಾಡಿ. “ಹೇಳೋ ಯೋಗ್ಯತೆ ಇಲ್ಲ. ಹೇಳ್ಬಿಟ್ಟೆ.”

ಅವಳು ನೀರಿನ ಕಡೆ ತಿರುಗಿದಳು.

“ಅಮ್ಮನ ಕಾಯಿಲೆ ಮಕ್ಕಳಿಗೂ ಬರಬಹುದಂತೆ. ಡಾಕ್ಟರು ಹೇಳಿದಾರೆ. ನಿಮಗೂ ಹೇಳಿರ್ತಾರೆ.”

“ಹೇಳಿದಾರೆ.”

“ಒಂದಿನ ನಿಮ್ಮನ್ನ ನೋಡಿ ಯಾರು ನೀವು ಅಂತೀನಿ. ಬೇರೆ ಯಾರದೋ ಕೈ ಹಿಡ್ಕೊಂಡು ಕೂತಿರ್ತೀನಿ. ಆಗೇನು ಮಾಡ್ತೀರಿ?”

“ಇನ್ನೊಂದು ಪಕ್ಕದಲ್ಲಿ ಕೂತಿರ್ತೀನಿ.”

“ಅಷ್ಟು ಸುಲಭ ಅಲ್ಲ ಅದು. ನಿಮ್ಮಮ್ಮನ್ನ ನೋಡ್ತಿದೀರಲ್ಲ.”

“ನೋಡ್ತಿದೀನಿ. ಅದಕ್ಕೇ ಸುಲಭ ಅಂತ ಹೇಳ್ಲಿಲ್ಲ. ಕೂತಿರ್ತೀನಿ ಅಂತ ಅಷ್ಟೇ ಹೇಳ್ದೆ.”

ಗಾಳಿಗೆ ಇನ್ನೊಂದು ಎಲೆ ಬಂದು ನೀರಿನ ಮೇಲೆ ಬಿತ್ತು. ಅವನು ಎದ್ದು ಹೋಗಿ ತೆಗೆಯಲಿಲ್ಲ.

“ನನಗೇ ಮೊದಲು ಮರೆತುಹೋದ್ರೆ?” ಎಂದ ಅವನು.

“ಆಗ ನಾನು ಕೂತಿರ್ತೀನಿ.”

“ಇಬ್ರಿಗೂ ಒಟ್ಟಿಗೇ ಆದ್ರೆ?”

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. “ಆಗ ಹೊಸದಾಗಿ ಜಗಳ ಆಡೋಣ. ಅಲ್ಲಿಂದ ಶುರು ಆಗುತ್ತೆ ನಮ್ದು.”

ಅವನು ಕೈ ಚಾಚಿದ. ಹಿಡಿಯಲಿಲ್ಲ, ಇಬ್ಬರ ನಡುವಿನ ಸಿಮೆಂಟಿನ ಮೇಲೆ ಅಂಗೈ ಮೇಲಾಗಿ ಇಟ್ಟ. ಅವಳು ನೋಡಿದಳು. ತನ್ನ ಕೈಯನ್ನು ಅದರ ಮೇಲಿಟ್ಟಳು.

“ಸರಿ,” ಎಂದಳು.

“ಸರಿ ಅಂದ್ರೆ?”

“ಸರಿ ಅಂದ್ರೆ ಸರಿ. ಅದಕ್ಕೂ ವಾದ ಮಾಡ್ತೀರಾ?”

“ಇಲ್ಲ,” ಎಂದ ಅವನು. “ಇದೊಂದಕ್ಕೆ ಇಲ್ಲ.”